ವಿಮಾನದ ಬಾಲಕ್ಕೆ ಎತ್ತಿನ ಲಾಳ

ವಿಜ್ಞಾನದ ಗಾಡಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಸಿಂದಗಿಯ ನಮ್ಮ ಮನೆಗೆ ಬಂದಿದ್ದರು. ‘ಅಕ್ಕೋರ, ಈ ಕೆಲಸದಾಗ ಏನೇನು ಕಲೀಬೇಕು, ಹೇಳ್ರಿ’ ಎಂದು ಪೆನ್ನು ಹಿಡಿದು ಕೂತರು. ನಾನು ಚಹಾ ಕೊಟ್ಟು, ಬಾಯಿಗೆ ಬಂದ ನಾಲ್ಕು ಬುದ್ಧಿಮಾತು ಹೇಳಿ ಕಳಿಸಿಬಿಟ್ಟೆ. ಅವರು ಹೋದ ಮೇಲೆ ಮನಸ್ಸು ಚುಚ್ಚತೊಡಗಿತು. ಪ್ರಯೋಗ ಹೇಗೆ ಮಾಡಬೇಕೆಂದು ಯಾವ ಪುಸ್ತಕವಾದರೂ ಹೇಳುತ್ತದೆ. ನಾನು ಎಲ್ಲೆಲ್ಲಿ ಮುಗ್ಗರಿಸಿದೆ ಎಂಬುದನ್ನು ನಾನೇ ಹೇಳಬೇಕಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ಇಡೀ ನೌಕರಿಯಲ್ಲಿ ನನಗೆ ಸಿಕ್ಕ ಬಡ್ತಿ ಒಂದೇ, ಗಾಡಿಯ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ.

ಗಾಡಿ ಎಂದರೆ ಒಂದು ಹಳೆಯ ವ್ಯಾನು. ಅದರೊಳಗೆ ಕಟ್ಟಿಗೆ ಪೆಟ್ಟಿಗೆಗಳಲ್ಲಿ ದುರ್ಬೀನು, ಭೂತಗನ್ನಡಿ, ಗಾಳಿ ಎಳೆಯುವ ಪಂಪು, ಬಿಚ್ಚಿ ತೋರಿಸುವ ಪ್ಲಾಸ್ಟಿಕ್ ಹೃದಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕಿನ ಹೈಸ್ಕೂಲುಗಳಿಗೆ ಹೋಗಿ ಪ್ರಯೋಗ ಮಾಡಿ ತೋರಿಸುವುದು ನನ್ನ ಕೆಲಸ. ಗಾಡಿ ಹೊಡೆಯುವವನು ಯಂಕಂಚಿಯ ಮಾಳಪ್ಪ. ಡ್ರೈವರ್ ಆಗುವ ಮೊದಲು ಹತ್ತು ವರ್ಷ ಹೊಲದಲ್ಲಿ ಎತ್ತು ಕಟ್ಟಿ ಕುಂಟೆ ಹೊಡೆದವನು. ಪ್ರತಿ ಅಮಾವಾಸ್ಯೆಗೆ ಗಾಡಿಯ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟದೆ ಕೀಲಿ ತಿರುಗಿಸುತ್ತಿರಲಿಲ್ಲ. ವಿಜ್ಞಾನದ ಗಾಡಿಗೆ ಇದು ಶೋಭೆಯಲ್ಲ ಎಂದು ನಾನು ಎಷ್ಟು ಹೇಳಿದರೂ, ‘ವಿಜ್ಞಾನ ಒಳಗ ಐತ್ರಿ ಅಕ್ಕೋರ, ನಾ ಹೊರಗ ಕಟ್ಟೇನಿ’ ಎನ್ನುತ್ತಿದ್ದ.

ಮೊದಲ ವರ್ಷದ ಒಂದು ಪಜೀತಿ ಹೇಳಿಬಿಡುತ್ತೇನೆ. ನಾಲತವಾಡದ ಹತ್ತಿರದ ಒಂದು ಸಾಲಿಯಲ್ಲಿ, ಕುದಿಸಿದ ತತ್ತಿಯನ್ನು ಬಾಟಲಿಯ ಬಾಯಿಯ ಮೇಲಿಟ್ಟು, ಗಾಳಿಯ ಒತ್ತಡದಿಂದ ಅದು ಒಳಗೆ ಜಾರುವುದನ್ನು ತೋರಿಸಬೇಕಿತ್ತು. ಹೆಡ್‌ಮಾಸ್ತರರು ಸಾಲಿಯೊಳಗೆ ತತ್ತಿ ತರಕೂಡದು ಎಂದರು. ನಾನು ಜಾಣತನ ತೋರಿಸಿ ಕುದಿಸಿದ ಬಟಾಟೆ ಇಟ್ಟೆ. ಅದು ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡು, ಬಿಸಿಯಾಗಿದ್ದ ಬಾಟಲಿ ಫಟ್ಟೆಂದು ಒಡೆಯಿತು. ‘ಬಟಾಟಿ ಪಲ್ಯಾ ಮಾಡಾಕ ಇಷ್ಟು ದೂರ ಬಂದ್ರೇನ್ರಿ?’ ಎಂದು ಹೆಡ್‌ಮಾಸ್ತರರು ಕೇಳಿದಾಗ ಇಡೀ ಸಾಲಿ ನಕ್ಕಿತು. ಮನೆಯಲ್ಲಿ ಮಾಡಿ ನೋಡದ್ದನ್ನು ಮಂದಿಯ ಮುಂದೆ ಮಾಡಬೇಡಿ. ನಾನು ಇದನ್ನು ಆವತ್ತು ಕಲಿತೆ ಎಂದುಕೊಂಡಿದ್ದೆ. ಪೂರ್ತಿ ಕಲಿತಿರಲಿಲ್ಲ ಎಂದು ಗೊತ್ತಾಗಲು ಕಾಂಬಳೆ ಸರ್ ಸಿಗಬೇಕಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ದೇವರ ಹಿಪ್ಪರಗಿಯ ಹೈಸ್ಕೂಲಿನಲ್ಲಿ ವಿಮಾನ ಯಾಕೆ ಹಾರುತ್ತದೆ ಎಂದು ಹೇಳುತ್ತಿದ್ದೆ. ಒಂದು ಕಾಗದದ ಪಟ್ಟಿಯನ್ನು ತುಟಿಯ ಕೆಳಗೆ ಹಿಡಿದು ಅದರ ಮೇಲೆ ಊದಿದರೆ ಜೋತುಬಿದ್ದ ಕಾಗದ ಮೇಲೇಳುತ್ತದೆ. ಮಕ್ಕಳೆಲ್ಲ ಊದುತ್ತಿದ್ದರು. ಹಿಂದಿನ ಬಾಗಿಲಲ್ಲಿ ಬಿಳಿ ಮೀಸೆಯ, ನೆಟ್ಟನೆ ನಿಂತ ಮುದುಕರೊಬ್ಬರು ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಹತ್ತಿರ ಬಂದರು.

‘ಬಾಯಾರ, ನೀವು ಹೇಳಿದ್ದು ಅರ್ಧ ಖರೆ. ಕಾಗದ ಹಾರಿಸಿದ್ರಿ. ವಿಮಾನ ಹಾರಿಸೀರೇನು?’

‘ವಿಮಾನ ಎಲ್ಲಿಂದ ತರ್ಲಿ ಸರ್?’ ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

‘ನನ್ನ ಮಂಚದ ಕೆಳಗ ಐತಿ. ಬರ್ರಿ’ ಎಂದು ನಡೆದೇಬಿಟ್ಟರು.

ಕೈ ಜೇಬಿನಿಂದ ತೆಗೆಯದೆ ಮಾತಾಡುವ ಈ ಮನುಷ್ಯನಿಗೆ ಎಷ್ಟು ಸೊಕ್ಕು ಎಂದುಕೊಂಡು ಹಿಂದೆ ಹೋದೆ. ಮನೆಯಲ್ಲಿ ಗೋಡೆಗೆ ಬುದ್ಧನ ಪಟ, ಅದರ ಪಕ್ಕ ವಾಯುಪಡೆಯ ಉಡುಪಿನಲ್ಲಿ ಇವರದೇ ಹಳೆಯ ಫೋಟೋ. ಹೆಸರು ಯಶವಂತ ಕಾಂಬಳೆ. ಮೂವತ್ತು ವರ್ಷ ವಿಮಾನದ ಮೈ ರಿಪೇರಿ ಮಾಡುವ ಫಿಟ್ಟರ್ ಆಗಿದ್ದವರು. ಅವರ ಹೆಂಡತಿ ಕಮಲಾಬಾಯಿ ಚಹಾ ತಂದುಕೊಟ್ಟರು. ಕಾಂಬಳೆ ಸರ್ ಆಗ ಜೇಬಿನಿಂದ ಕೈ ತೆಗೆದು ಬಸಿ ಹಿಡಿದರು. ಬಸಿಯ ಮೇಲೆ ಕಪ್ಪು ಕಟಕಟನೆ ಬಡಿದುಕೊಳ್ಳತೊಡಗಿತು. ಎರಡೂ ಕೈ ನಿಲ್ಲದೆ ನಡುಗುತ್ತಿದ್ದವು. ನನ್ನ ಸಿಟ್ಟಿಗೆ ನನಗೇ ನಾಚಿಕೆಯಾಯಿತು.

ಮಂಚದ ಕೆಳಗಿನಿಂದ ಕಮಲಾಬಾಯಿ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಎಳೆದರು. ನಿವೃತ್ತಿಯ ದಿನ ಜೊತೆಗಾರರೆಲ್ಲ ಕೂಡಿ ಕೊಟ್ಟ ಕಾಣಿಕೆಯಂತೆ. ರೇಡಿಯೋದಿಂದ ನಡೆಸುವ ದೊಡ್ಡ ಮಾದರಿ ವಿಮಾನ. ಮೈ, ರೆಕ್ಕೆ, ಬಾಲ ಎಲ್ಲ ಕಾರ್ಖಾನೆಯಲ್ಲೇ ಮಾಡಿ, ಕೆಂಪು ಬಿಳಿ ಹಾಳೆ ಹೊದಿಸಿ ಇಟ್ಟಿದ್ದರು. ನಾವು ಜೋಡಿಸಬೇಕು ಅಷ್ಟೇ. ಒಂದೇ ರೆಕ್ಕೆ ನನ್ನ ಎದೆಮಟ್ಟ ಬರುತ್ತಿತ್ತು. ಎತ್ತಿ ನೋಡಿದರೆ ಅಯ್ಯೋ ದೇವರೇ, ಮೊರದಷ್ಟು ಹಗುರ. ಅಷ್ಟು ದೊಡ್ಡದು ಇಷ್ಟು ಹಗುರ ಹೇಗಾಯಿತು ಎಂದು ಬೆಳಕಿಗೆ ಹಿಡಿದು ನೋಡಿದೆ. ಹಾಳೆಯ ಒಳಗೆ ಸಣ್ಣ ಸಣ್ಣ ಕಟ್ಟಿಗೆಯ ಪಕ್ಕೆಲುಬುಗಳು ಸಾಲಾಗಿ ಕಂಡವು. ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

‘ಮೊದಲ ಮಗಳ ಮದಿವಿ, ಆಮ್ಯಾಲ ಮನಿ ಕಟ್ಟೋದು. ಮಾಡೋಣ ಮಾಡೋಣ ಅಂದ್ಕೋತ ಏಳು ವರ್ಷ ಹೋದ್ವು’ ಎಂದರು ಕಾಂಬಳೆ ಸರ್. ‘ಈಗ ಈ ಕೈ ಹಿಂಗಾಗ್ಯಾವ. ಮೂವತ್ತು ವರ್ಷ ಸಹಿ ಮಾಡಿ ವಿಮಾನ ಬಿಟ್ಟಾಂವ, ಬ್ಯಾಂಕಿನ್ಯಾಗ ಪಿಂಚಣಿಗೆ ಹೆಬ್ಬಟ್ಟು ಒತ್ತತೇನಿ. ಕೈ ಹೋದ್ವು, ಹೋಗ್ಲಿ. ಕಣ್ಣು ಇನ್ನಾ ಅದಾವ. ಅವು ಇರೂತನಕ ಇದು ಒಮ್ಮೆ ಹಾರಬೇಕು. ನೀವು ಕೈ ಕೊಡ್ತೀರೇನು?’

ಕೊಡುತ್ತೇನೆ ಎಂದೆ. ಆಗ ಬೇಸಿಗೆ ರಜೆ ಹತ್ತಿರವಿತ್ತು. ಗಾಡಿ ಎರಡು ತಿಂಗಳು ನಿಲ್ಲುತ್ತಿತ್ತು. ಗಾಡಿ ನಡೆಸುವ ನಮ್ಮ ಸಂಸ್ಥೆಯ ಕಾರ್ಯದರ್ಶಿಗಳನ್ನು ಕೇಳಿದಾಗ, ‘ಆಟದ ಸಾಮಾನು ಪಠ್ಯದಾಗ ಇಲ್ಲ. ರಜಾದಾಗ ಏನರೆ ಮಾಡ್ಕೋರಿ’ ಎಂದರು. ಅಷ್ಟು ಸಾಕಾಯಿತು. ಮೇಲಿನವರಿಂದ ಹುರುಪು ಕೇಳಬೇಡಿ, ‘ಬೇಡ’ ಎನ್ನದಿದ್ದರೆ ಅದನ್ನೇ ಅಪ್ಪಣೆ ಎಂದು ತಿಳಿಯಿರಿ. ಮಾಳಪ್ಪನನ್ನೂ ಕರೆದೆ. ‘ಹಾರೂದು ನೋಡಬೇಕ್ರಿ ಅದನ್ನ’ ಎಂದು ಅವನೂ ದಿನಾ ಬಸ್ಸು ಹತ್ತಿ ಬರತೊಡಗಿದ.

ಕೆಲಸಕ್ಕೆ ಕೈ ಹಾಕುವ ಮೊದಲು ಕಾಂಬಳೆ ಸರ್ ನನಗೊಂದು ಉದ್ದನೆಯ ಪುಸ್ತಕ ಕೊಟ್ಟು ಗೆರೆ ಹೊಡೆಸಿದರು. ದಿನ, ಕೆಲಸ, ದೋಷ, ಸಹಿ. ಮಾಡಿದ್ದನ್ನೆಲ್ಲ ಬರೆಯಬೇಕು, ಕೆಟ್ಟದ್ದನ್ನೂ ಬರೆಯಬೇಕು, ಕೊನೆಗೆ ಸಹಿ. ‘ಸಹಿ ಆದ ಮ್ಯಾಲ ಯಾರೂ ಮುಟ್ಟಂಗಿಲ್ಲ. ಪೈಲಟ್ ಜೀವ ಇರೋದು ವಿಮಾನದಾಗಲ್ಲ, ಆ ಸಹಿಯಾಗ’ ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಬಲು ಸುಲಭದ ಕೆಲಸ.

ಮೊದಲ ದೋಷ ಅಂಟಿನದು. ಬಾಲದ ಹಲಗೆಯನ್ನು ಮೈಗೆ ಅಂಟಿಸಿ, ರೆಕ್ಕೆಯ ತುದಿಯಿಂದ ಬಾಲದ ತುದಿಗೆ ಎರಡೂ ಕಡೆ ದಾರ ಹಿಡಿದು ಅಳತೆ ಸರಿಮಾಡಬೇಕು. ಎರಡು ಟ್ಯೂಬು ಕಲಸುವ ಅಂಟು, ಗಟ್ಟಿಯಾಗಲು ಅರ್ಧ ತಾಸು ಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಬರೆದವರು ಏಪ್ರಿಲ್ ತಿಂಗಳಲ್ಲಿ ಹಿಪ್ಪರಗಿಗೆ ಬಂದವರಲ್ಲ. ಮಧ್ಯಾಹ್ನ ತಗಡಿನ ಕೆಳಗೆ ಕೂತು ಕಲಸಿದೆವು. ನಾನು ಎಡಗಡೆ ದಾರ ಹಿಡಿದು ಬಲಗಡೆಗೆ ಹೋಗುವಷ್ಟರಲ್ಲಿ ಅಂಟು ಕಲ್ಲಾಗಿತ್ತು. ಬಾಲ ಒಂದು ಬೆರಳು ಸೊಟ್ಟ.

‘ಒಂದು ಬೆರಳಲ್ಲೇನ್ರಿ ಸಾಹೇಬ್ರ, ನಡೀತೈತಿ’ ಎಂದ ಮಾಳಪ್ಪ.

‘ನಿನ್ನ ಕೂರಗಿ ಒಂದು ಬೆರಳು ಸೊಟ್ಟ ಇದ್ರ ಬಿತ್ತೀಯೇನು?’ ಎಂದರು ಕಾಂಬಳೆ ಸರ್.

ಮಾಳಪ್ಪ ತಡಮಾಡದೆ ಹ್ಯಾಕ್ಸಾ ಬ್ಲೇಡು ತಂದ. ಬಾಲ ಕತ್ತರಿಸಿ, ಉಜ್ಜಿ, ಮರುದಿನ ಬೆಳಿಗ್ಗೆ ಆರಕ್ಕೆ ತಂಪಿನಲ್ಲಿ ಅಂಟಿಸಿದೆವು. ‘ಅಂಟು ಬಿಸಿಲಿಗೆ ಬೇಗ ಹಿಡಿಯಿತು. ಹೊತ್ತು ನೋಡದ ತಪ್ಪು ನನ್ನದು’ ಎಂದು ಪುಸ್ತಕದಲ್ಲಿ ಬರೆದೆ. ಬಿಸಿಲಿಗೆ ಹೊದಿಕೆಯ ಹಾಳೆಯೂ ಸುಕ್ಕುಗಟ್ಟಿತ್ತು. ಅದನ್ನು ಕಮಲಾಬಾಯಿ ತಮ್ಮ ಇಸ್ತ್ರಿಪೆಟ್ಟಿಗೆಯಿಂದ, ತೆಳ್ಳನೆಯ ಅರಿವೆ ಹಾಕಿ, ನಮ್ಮೆಲ್ಲರಿಗಿಂತ ಚೊಕ್ಕವಾಗಿ ನೆಟ್ಟಗೆ ಮಾಡಿದರು. ‘ಏಳು ವರ್ಷ ಇದರ ಕೆಳಗಿನ ಕಸಾ ಹೊಡದೇನಿ, ಇಸ್ತ್ರಿ ಒಂದು ಬಾಕಿ ಇತ್ತು’ ಎಂದರು.

ಎರಡನೆಯ ದೋಷ ಇದಕ್ಕಿಂತ ದೊಡ್ಡದು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಎರಡು ಮಡಚುವ ಪಟ್ಟಿಗಳಿರುತ್ತವೆ. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ಅದರಿಂದ ವಿಮಾನ ಎಡಕ್ಕೆ, ಬಲಕ್ಕೆ ವಾಲುತ್ತದೆ. ಬೆಂಕಿಪೊಟ್ಟಣದಷ್ಟಿರುವ ಮೋಟಾರುಗಳನ್ನು ಒಳಗೆ ಕೂರಿಸಿ, ತಂತಿ ಜೋಡಿಸಿ, ಕೈಯಲ್ಲಿ ಹಿಡಿಯುವ ರೇಡಿಯೋ ಪೆಟ್ಟಿಗೆಯ ಕೋಲನ್ನು ಬಲಕ್ಕೆ ಒತ್ತಿದೆ. ಪಟ್ಟಿ ಚಿರ್‍ರೆಂದು ಎದ್ದಿತು. ದೂರದಿಂದ, ನಡುವೆ ಯಾವ ತಂತಿಯೂ ಇಲ್ಲದೆ! ಹತ್ತು ಸಲ ಒತ್ತಿದೆ, ಹತ್ತು ಸಲ ನಕ್ಕೆ. ಸರಿಯಾಗಿದೆ ಎಂದು ಬರೆದು ಸಹಿ ಹಾಕಲು ಹೊರಟೆ.

‘ತಡೀರಿ ಅಕ್ಕೋರ’ ಎಂದ ಮಾಳಪ್ಪ. ‘ನೀವು ಅದರ ಮುಂದ ನಿಂತೀರಿ. ಎತ್ತಿನ ಮುಂದ ನಿಂತು ಯಾರರೆ ಎಡಾ ಬಲಾ ನೋಡ್ತಾರೇನ್ರಿ? ಕುಂಟಿ ಹೊಡಿಯಾಂವ ಬಾಲ ನೋಡ್ತಾನ, ಮಾರಿ ನೋಡಂಗಿಲ್ಲ.’

ಹಿಂದೆ ಹೋಗಿ ನಿಂತು ಒತ್ತಿದೆ. ಬಲಕ್ಕೆ ಎಂದರೆ ಎಡಕ್ಕೆ ಹೋಗುತ್ತಿತ್ತು! ಪೆಟ್ಟಿಗೆಯ ಹಿಂದಿನ ಒಂದು ಸಣ್ಣ ಗುಂಡಿ ಬದಲಿಸಿದರೆ ಮುಗಿಯಿತು. ಆದರೆ ಹಾಗೇ ಹಾರಿಸಿದ್ದರೆ ಮೊದಲ ತಿರುವಿನಲ್ಲೇ ನೆಲಕ್ಕೆ. ಕಾಂಬಳೆ ಸರ್ ಮಾಳಪ್ಪನನ್ನು ಒಂದು ಗಳಿಗೆ ನೋಡಿ, ‘ನೀ ಪಡೆಯಾಗ ಇದ್ದಿದ್ರ ನನಗ ಮ್ಯಾಲಿನ ಸಾಹೇಬ ಆಗಿರ್ತಿದ್ದಿ’ ಎಂದರು. ಮಾಳಪ್ಪ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದ.

ಹಾರಿಸುವವಳು ನಾನು ಎಂದು ತೀರ್ಮಾನವಾಯಿತು. ಕಲಿಯುವುದು ಹೇಗೆ? ಕಾಂಬಳೆ ಸರ್ ಒಂದು ಉಪಾಯ ಹುಡುಕಿದರು. ಸಾಲಿಯ ಬಯಲಿನಲ್ಲಿ ಮಾಳಪ್ಪ ಎರಡೂ ಕೈ ಚಾಚಿ ವಿಮಾನವಾಗಿ ನಡೆಯಬೇಕು. ನಾನು ಪೆಟ್ಟಿಗೆಯ ಕೋಲು ಒತ್ತುತ್ತ ‘ಎಡಾ’, ‘ಬಲಾ’ ಎಂದು ಕೂಗಬೇಕು, ಅವನು ಹಾಗೇ ತಿರುಗಬೇಕು. ನನ್ನಿಂದ ದೂರ ಹೋಗುವಾಗ ಎಲ್ಲ ಸರಿ. ತಿರುಗಿ ನನ್ನ ಕಡೆ ಬರುವಾಗ ಅವನ ಬಲ ನನ್ನ ಎಡವಾಗಿ, ತಲೆ ಕೆಟ್ಟು, ಮಾಳಪ್ಪನನ್ನು ಸೀದಾ ಬೇವಿನ ಮರಕ್ಕೆ ಹೊಡೆಸಿದೆ. ಅವನೂ ಪುಣ್ಯಾತ್ಮ, ಮರ ಕಂಡರೂ ತಿರುಗಲಿಲ್ಲ. ‘ನೀವು ಹೇಳಿದಂಗ ಹೋದೆ’ ಎಂದು ಹಣೆ ಉಜ್ಜಿಕೊಂಡ. ನೋಡಲು ನಿಂತ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಅವನೇ ದಾರಿ ತೋರಿಸಿದ. ‘ನಾ ನಿಮ್ಮ ಕಡೆ ಬರುವಾಗ ನೀವು ತಿರುಗಿ ಬೆನ್ನು ಕೊಡ್ರಿ, ಹೆಗಲ ಮ್ಯಾಲಿಂದ ಹೊಳ್ಳಿ ನೋಡ್ರಿ. ಆಗ ಇಬ್ಬರ ಎಡಾ ಬಲಾ ಒಂದ ಆಗತಾವ.’ ಹೌದಲ್ಲ! ಎಷ್ಟು ಸರಳ! ಮೂರು ವಾರ ಆ ಬಯಲಿನಲ್ಲಿ ಮಾಳಪ್ಪನನ್ನು ಹಾರಿಸಿದೆ.

ಇನ್ನು ಉಳಿದದ್ದು ತೂಕ. ರೆಕ್ಕೆಯ ಕೆಳಗೆ ಒಂದು ನಿಗದಿ ಜಾಗದಲ್ಲಿ ಎರಡೂ ಕಡೆ ಒಂದೊಂದು ಬೆರಳಿಟ್ಟು ಎತ್ತಿದರೆ ವಿಮಾನ ತಕ್ಕಡಿಯಂತೆ ಸಮ ನಿಲ್ಲಬೇಕು. ಬಾಲ ಭಾರವಾದರೆ ಹಾರಿದ ಕೂಡಲೇ ಮೂತಿ ಎತ್ತಿ ಬೀಳುತ್ತದೆ. ಆ ಜಾಗವನ್ನು ಕೈಪಿಡಿಯ ಸಣ್ಣ ಅಂಕಿಗಳಲ್ಲಿ ಓದಿ, ಅಳತೆಪಟ್ಟಿಯ ಸಣ್ಣ ಗೆರೆಗಳಲ್ಲಿ ಎಣಿಸಿ ಗುರುತು ಹಾಕಿಸಿದವರು ಕಾಂಬಳೆ ಸರ್. ನನ್ನ ಕಣ್ಣನ್ನೂ ನಂಬಲಿಲ್ಲ. ‘ಇದೊಂದು ನನ್ನ ಕೆಲಸ’ ಎಂದರು.

ಮೇ ತಿಂಗಳ ಒಂದು ಮುಂಜಾವು, ಗಾಳಿ ಏಳುವ ಮೊದಲು, ಯಂಕಂಚಿಯ ಮಾಳಪ್ಪನ ಹೊಲದ ಪಕ್ಕದ ಪಾಳು ಮಡ್ಡಿಗೆ ಹೋದೆವು. ಮಾಳಪ್ಪ ಮೊದಲೇ ಕಲ್ಲು ಆರಿಸಿ, ಗುಂಡು ಎಳೆದು ನೆಲ ಗಟ್ಟಿಮಾಡಿದ್ದ. ಮೊಪೆಡ್ಡಿಗೆ ಹಾಕುವ ಹಾಗೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಇಂಜಿನ್ನಿನ ಟಾಕಿ ತುಂಬಿಸಿದ. ಪಟ್ಟಿ, ಮೋಟಾರು, ತೂಕ, ಎಲ್ಲ ನೋಡಿ ಪುಸ್ತಕದಲ್ಲಿ ನಾನು ಸಹಿ ಹಾಕಿದೆ. ಕಾಂಬಳೆ ಸರ್ ನಿಧಾನ ನಡೆದು ದೂರದ ಬನ್ನಿ ಗಿಡದ ಕೆಳಗಿನ ಕುರ್ಚಿಗೆ ಹೋಗಿ ಕೂತರು.

ಆಗ ಮಾಳಪ್ಪ ಜೇಬಿಗೆ ಕೈ ಹಾಕಿದ. ಕರಿ ದಾರದಲ್ಲಿ ಪೋಣಿಸಿದ ಒಂದು ದಪ್ಪ ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಜೊತೆಗೆ ತನ್ನ ಎತ್ತಿನ ಕಾಲಿನ ಎರಡು ಹಳೆಯ ಕಬ್ಬಿಣದ ಲಾಳ. ‘ಹೊಸಾ ಗಾಡಿ ಐತ್ರಿ. ಬರಿಗೈಲೆ ಬಿಡಬಾರದು. ಮುಂದ ಫ್ಯಾನ್ ತಿರಗತೈತಿ, ಹಿಂದ ಕಟ್ಟೂಣು.’

ಇಲ್ಲಿ ನಾನು ನಿಜ ಹೇಳಬೇಕು. ನಾನು ಬೇಡ ಎನ್ನಲಿಲ್ಲ. ಇಷ್ಟು ದಿನದ ಕೆಲಸ ನನ್ನ ಎರಡು ಹೆಬ್ಬೆರಳ ಮೇಲೆ ನಿಂತಿತ್ತು. ಕಟ್ಟಿದರೆ ಏನು ಕೆಡುತ್ತದೆ ಅನ್ನಿಸಿತು. ಬಾಲದ ಸಣ್ಣ ಗಾಲಿಯ ತಂತಿಗೆ ಅವನು ಗಂಟು ಹಾಕುವಾಗ ದಾರ ಬಿಗಿಹಿಡಿದವಳು ನಾನೇ. ನಾಲ್ಕು ತಾಲ್ಲೂಕು ತಿರುಗಿ ತಕ್ಕಡಿಯ ಪಾಠ ಹೇಳಿದವಳು, ನಿಂಬೆಹಣ್ಣಿಗೆ ನಕ್ಕವಳು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂದು ಹಿರಿಯರು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ವಿಮಾನ ಓಡಿತು. ಓಡಿದ್ದಷ್ಟೇ ನೆನಪು. ನಾನು ಕೋಲು ಎಳೆಯುವ ಮೊದಲೇ ಮೂತಿ ಎತ್ತಿ ನೇರ ಆಕಾಶ ನೋಡಿ, ಎರಡಾಳು ಎತ್ತರದಲ್ಲಿ ಗಕ್ಕನೆ ನಿಂತು, ಒಂದು ರೆಕ್ಕೆ ಕೆಳಗಾಗಿ ಧಪ್ಪೆಂದು ಎರೆಹೊಲಕ್ಕೆ ಬಿತ್ತು. ಮುಂದಿನ ಫ್ಯಾನು ತುಂಡಾಗಿತ್ತು, ಗಾಲಿಯ ಕಾಲು ಕಿತ್ತಿತ್ತು, ಎಡರೆಕ್ಕೆಯ ತುದಿ ಜಜ್ಜಿಹೋಗಿತ್ತು. ಮಾಳಪ್ಪ ಎಲ್ಲರಿಗಿಂತ ಮೊದಲು ಓಡಿ, ದಾರ ಹರಿದು, ಗೊಂಚಲನ್ನು ಜೇಬಿಗೆ ತುರುಕಿದ. ನಾನು ನೋಡಿದೆ, ಸುಮ್ಮನಿದ್ದೆ.

ಕಾಂಬಳೆ ಸರ್ ಬರಲು ಹೊತ್ತು ಹಿಡಿಯಿತು. ಬಿದ್ದ ವಿಮಾನದ ಸುತ್ತ ಒಂದು ಸುತ್ತು ಬಂದರು.

‘ಬಾಲ ಭಾರ ಇದ್ದಂಗ ಹಾರ್ತು. ಗುರುತು ಹಾಕಿದಾಂವ ನಾನು. ಗೆರಿ ತಪ್ಪಿ ಓದೇನಿ. ಕಣ್ಣೂ ಹೋದ್ವು, ಬಾಯಾರ’ ಎಂದರು.

ಆಗಲೇ ಬಾಯಿ ಬಿಡಬೇಕಿತ್ತು. ‘ಗಾಳಿ ಇತ್ತೇನೋ ಸರ್’ ಎಂದೆ. ಅವತ್ತು ಗಾಳಿ ಎಂಬುದೇ ಇರಲಿಲ್ಲ.

ನಾಲ್ಕು ದಿನ ನಾನು ಹಿಪ್ಪರಗಿಗೆ ಹೋಗಲಿಲ್ಲ. ಐದನೆಯ ದಿನ ಕಮಲಾಬಾಯಿಯವರಿಂದ ಮಾಳಪ್ಪನ ಕೈಯಲ್ಲಿ ಮಾತು ಬಂತು. ಕಾಂಬಳೆ ಸರ್ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಸಿ ಮಂಚದ ಕೆಳಗೆ ತಳ್ಳಿಸಿದ್ದಾರೆ. ಪೇಪರು ಓದುವುದನ್ನೂ ಬಿಟ್ಟಿದ್ದಾರೆ, ‘ಕಾಣಂಗಿಲ್ಲ’ ಎನ್ನುತ್ತಾರೆ. ಮಾಳಪ್ಪ ಇದನ್ನು ಹೇಳುತ್ತ ನನ್ನ ಮುಖ ನೋಡಲಿಲ್ಲ, ನಾನು ಅವನದನ್ನು ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಅಲ್ಲಿ ಇಬ್ಬರಿದ್ದೆವು.

‘ಆ ಗೊಂಚಲು ಎಲ್ಲೈತಿ ಮಾಳಪ್ಪಾ?’

‘ಗಾಡ್ಯಾಗ ಐತ್ರಿ. ಚೆಲ್ಲಾಕ ಮನಸಾಗಲಿಲ್ಲ.’

ಅವತ್ತೇ ಹೋದೆವು. ಕಾಂಬಳೆ ಸರ್ ಗೋಡೆಗೆ ಮುಖಮಾಡಿ ಮಲಗಿದ್ದರು. ನಾನು ನಿಂಬೆಹಣ್ಣು, ಮೆಣಸಿನಕಾಯಿ, ಎರಡು ಲಾಳವಿದ್ದ ದಾರವನ್ನು ಮೇಜಿನ ಮೇಲಿಟ್ಟೆ. ಕಬ್ಬಿಣದ ಸಪ್ಪಳಕ್ಕೆ ಅವರು ತಿರುಗಿ, ಎದ್ದು ಕೂತರು.

‘ಏನಿದು?’

‘ವಿಮಾನದ ಬಾಲಕ್ಕೆ ಕಟ್ಟಿದ್ದೆವು ಸರ್.’

‘ಸಹಿ ಆಗೂಕಿಂತ ಮೊದಲೋ, ಆದ ಮ್ಯಾಲೋ?’

‘ಆದ ಮ್ಯಾಲ.’

‘ನಾ ಕಟ್ಟಿದ್ದು ಸಾಹೇಬ್ರ, ಅಕ್ಕೋರದು ಏನೂ ತಪ್ಪಿಲ್ಲ’ ಎಂದ ಮಾಳಪ್ಪ.

‘ಗಂಟು ಹಾಕಾಕ ಇನ್ನೊಂದು ಕೈ ಬೇಕು. ದಾರ ಯಾರು ಹಿಡದಿದ್ರು?’

ಫಿಟ್ಟರ್ ಅಲ್ಲವೇ, ಗಂಟನ್ನು ನೋಡಿದರೆ ಎಷ್ಟು ಕೈ ಎಂದು ತಿಳಿಯುತ್ತದೆ. ‘ನಾನು ಸರ್’ ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ‘ಪೆಟಿಗಿ ಎಳೀರಿ’ ಎಂದರು.

ಜಜ್ಜಿದ ವಿಮಾನವನ್ನೇ ಮತ್ತೆ ಜೋಡಿಸಿದೆವು. ಮುರಿದ ಫ್ಯಾನು, ಕಿತ್ತ ಗಾಲಿ ಎಲ್ಲವನ್ನೂ ಅವುಗಳ ಜಾಗದಲ್ಲೇ ದಾರದಿಂದ ಕಟ್ಟಿಸಿದರು. ಅವರ ಹಳೆಯ ಗುರುತನ್ನು ನಾನು ಕೈಪಿಡಿಯ ಅಂಕಿಗೆ ತಾಳೆ ನೋಡಿದೆ, ಸರಿ ಇತ್ತು. ಅದರ ಮೇಲೆ ಬೆರಳಿಟ್ಟು ನಾನು, ಮಾಳಪ್ಪ ಎತ್ತಿದೆವು. ವಿಮಾನ ಸಮ ನಿಂತಿತು. ಆಮೇಲೆ ಕಾಂಬಳೆ ಸರ್ ತಾವೇ ಎದ್ದು, ನಡುಗುವ ಕೈಯಿಂದ ಆ ಗೊಂಚಲನ್ನು ಬಾಲಕ್ಕೆ ನೇತುಹಾಕಿದರು. ಎರಡು ಸಲ ಜಾರಿತು, ಮೂರನೆಯ ಸಲ ಸಿಕ್ಕಿತು. ಬಾಲ ಸುಯ್ಯೆಂದು ಇಳಿದು ಮೂತಿ ಮಾಳಿಗೆ ನೋಡಿತು.

‘ಕಮಲಾ! ನನ್ನ ಕಣ್ಣು ಸರಿ ಅದಾವ!’ ಎಂದು ಅವರು ಕೂಗಿದ ಕೂಗು ಓಣಿಗೆಲ್ಲ ಕೇಳಿಸಿರಬೇಕು.

‘ಸರಿ ಇದ್ರ ಒಂದು ತಾಸಿನಿಂದ ಚಹಾ ಆರಾಕತ್ತೇತಿ, ಅದು ಕಾಣಲಿಲ್ಲೇನು?’ ಎಂದರು ಕಮಲಾಬಾಯಿ ಒಳಗಿನಿಂದ.

ಲಾಳವನ್ನು ಕೈಯಲ್ಲಿ ಹಿಡಿದು ಕಾಂಬಳೆ ಸರ್ ನಮಗೆ ಪಾಠ ಮಾಡಿದರು. ಬಾಲ ದೂರವಿದೆ, ಅಲ್ಲಿಟ್ಟ ಒಂದು ಹಿಡಿ ಭಾರ ಇಲ್ಲಿಗೆ ಬರುವಾಗ ನಾಲ್ಕು ಹಿಡಿಯಾಗುತ್ತದೆ, ಏತದ ಮರದ ಹಾಗೆ. ನಾನು ನೂರು ಸಾಲಿಗಳಲ್ಲಿ ಹೇಳಿದ ಪಾಠವೇ ಅದು. ಅವತ್ತು ನೆಲಕ್ಕೆ ಕೂತು ಮೊದಲ ಸಲ ಕೇಳಿದ ಹಾಗೆ ಕೇಳಿದೆ. ಆಮೇಲೆ ಪುಸ್ತಕ ತೆಗೆದು ಬರೆದೆ. ‘ಸಹಿಯ ನಂತರ ಬಾಲಕ್ಕೆ ಲಾಳ ಕಟ್ಟಿದೆವು. ಮುಚ್ಚಿಟ್ಟೆವು.’ ಎರಡನೆಯ ವಾಕ್ಯ ಬರೆಯುವುದು ಮೊದಲನೆಯದಕ್ಕಿಂತ ಕಷ್ಟವಾಯಿತು.

ರಿಪೇರಿಗೆ ಎರಡು ವಾರ ಹಿಡಿಯಿತು. ಸಾಲಿ ತೆರೆಯಲು ನಾಲ್ಕೇ ದಿನ ಉಳಿದಾಗ ಮತ್ತೆ ಮಡ್ಡಿಗೆ ಹೋದೆವು. ಮಾಳಪ್ಪ ಬರಿಗೈಯಲ್ಲಿ ಚಡಪಡಿಸುತ್ತಿದ್ದ. ‘ತಂದೀಯಲ್ಲ, ಗೊತ್ತೈತಿ ನನಗ’ ಎಂದರು ಕಾಂಬಳೆ ಸರ್. ‘ನನ್ನ ಕುರ್ಚಿಗೆ ಕಟ್ಟು. ನಾನೇನು ಹಾರಂಗಿಲ್ಲ.’ ಮಾಳಪ್ಪ ಹಲ್ಲು ಕಿರಿದು ಹೊಸ ನಿಂಬೆಹಣ್ಣನ್ನು ಕುರ್ಚಿಯ ಕಾಲಿಗೆ ಕಟ್ಟಿದ.

ಎಲ್ಲ ನೋಡಿದ್ದಾಯಿತು. ನಾನು ಸಹಿ ಹಾಕಲು ಪೆನ್ನು ತೆಗೆದೆ. ಅವರು ಕೈ ಚಾಚಿದರು. ‘ಈ ಸಲ ನಾ ಮಾಡ್ತೇನಿ.’

ಅವರು ಪುಸ್ತಕವನ್ನು ನನ್ನ ಬೆನ್ನ ಮೇಲಿಟ್ಟು ಬರೆಯಲೆಂದು ಬಗ್ಗಿ ನಿಂತೆ. ಪೆನ್ನಿನ ತುದಿ ನಡುಗುತ್ತ ಕಾಗದ ಗೀರುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಒಂದು ಕಡೆ ಕಾಗದ ಹರಿಯಿತು. ಮಾಳಪ್ಪ ಸಹಾಯಕ್ಕೆ ಬಂದಾಗ ‘ಮುಟ್ಟಬ್ಯಾಡ’ ಎಂದರು. ಕೊನೆಗೆ ಮುಗಿಯಿತು. ಅದನ್ನು ಯಾರೂ ಓದಲಾಗದು, ಆದರೆ ಅದು ಸಹಿ.

ವಿಮಾನ ಓಡಿತು, ಈ ಸಲ ಉದ್ದಕ್ಕೆ ಓಡಿತು. ಕೋಲು ಸ್ವಲ್ಪ ಎಳೆದೆ. ನೆಲ ಬಿಟ್ಟಿತು. ಬನ್ನಿ ಗಿಡದ ಮೇಲೆ ಹೋಯಿತು, ಎರೆಹೊಲದ ಮೇಲೆ ಹೋಯಿತು, ಬೆಳಕು ಹಿಂದಿನಿಂದ ಬಿದ್ದು ಪಕ್ಕೆಲುಬುಗಳೆಲ್ಲ ಕಂಡವು. ಅಬ್ಬಾ, ನನ್ನ ಕೈಯಿಂದ ಅಂಟಿಸಿದ್ದು! ನೋಡುತ್ತ ಮೈಮರೆತೆ. ಅದು ದೂರ ಹೋಗಿ, ತಿರುಗಿ, ನಮ್ಮ ಕಡೆ ಮುಖ ಮಾಡಿತು. ಒಂದು ಕಡೆ ವಾಲಿತು. ಸರಿಮಾಡಲು ಒತ್ತಿದೆ. ಇನ್ನೂ ವಾಲಿತು. ಮತ್ತೆ ಒತ್ತಿದೆ. ಸೀದಾ ಹುಣಸೆಮರದ ಕಡೆ ಇಳಿಯತೊಡಗಿತು.

‘ಬೆನ್ನು ಕೊಡ್ರಿ ಅಕ್ಕೋರ! ಬೆನ್ನು ಕೊಡ್ರಿ!’ ಎಂದು ಮಾಳಪ್ಪ ಗಂಟಲು ಹರಿಯುವಂತೆ ಕೂಗಿದ.

ಗಿರ್ರನೆ ತಿರುಗಿ ಬೆನ್ನು ಕೊಟ್ಟು, ಹೆಗಲ ಮೇಲಿಂದ ನೋಡಿದೆ. ಅದರ ಬಲ ನನ್ನ ಬಲವಾಯಿತು. ಬಲಕ್ಕೆ ಒತ್ತಿದೆ. ಹುಣಸೆಯ ಮೇಲ್ತುದಿಯ ಎಲೆ ಸವರಿದ ಹಾಗೆ ಎದ್ದು ನಮ್ಮ ತಲೆಯ ಮೇಲೆ ಭರ್‍ರೆಂದು ಹೋಯಿತು. ಆ ಹೊತ್ತಿನಲ್ಲಿ ಕಾಂಬಳೆ ಸರ್ ಕಡೆ ಕಣ್ಣು ಹೋಯಿತು. ಮಂದಿ ಕಂಡರೆ ಜೇಬು ಸೇರುತ್ತಿದ್ದ ಎರಡೂ ಕೈಗಳನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ಕೈ ನಡುಗುತ್ತಿದ್ದವು, ಅವರಿಗೆ ಅದರ ಖಬರೇ ಇರಲಿಲ್ಲ.

ಐದಾರು ಸುತ್ತು ಹಾರಿಸಿ ಇಳಿಸಿದೆ. ಎರಡು ಸಲ ಪುಟಿದು, ಒಂದು ಕಲ್ಲಿಗೆ ತಾಗಿ ನಿಂತಿತು. ಮಾಳಪ್ಪ ಕುಣಿಯುತ್ತಿದ್ದ. ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ. ಕಾಂಬಳೆ ಸರ್ ಬಂದು ‘ಪುಸ್ತಕ ಬರೀರಿ’ ಎಂದರು. ಹಾರಿಸಿದವರು ಇಳಿದ ಮೇಲೆ ದೋಷ ಬರೆಯಬೇಕಂತೆ. ‘ಎಡಗಡೆಯ ಗಾಲಿ ಬಾಗಿದೆ’ ಎಂದು ಬರೆದೆ.

ಅದನ್ನು ಅವರು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು. ‘ಏಳು ವರ್ಷ ಮಂಚದ ಕೆಳಗಿತ್ತು. ಒಂದು ದೋಷಾನೂ ಇರಲಿಲ್ಲ ಅದಕ್ಕ’ ಎಂದರು. ಆಮೇಲೆ ಮಾಳಪ್ಪನ ಕಡೆ ತಿರುಗಿ, ‘ಗಾಲಿ ನೆಟ್ಟಗ ಮಾಡಪಾ. ನಾಳೆ ಮತ್ತ ನಾ ಸಹಿ ಮಾಡೋದೈತಿ’ ಎಂದರು.

ಆಮೇಲೆ ಗಾಡಿಗೆ ಟಿ.ವಿ. ಬಂತು, ಸಿ.ಡಿ. ಬಂತು. ಮಕ್ಕಳು ಕೈಕಟ್ಟಿ ಕೂತು ಪರದೆಯ ಮೇಲೆ ವಿಮಾನ ನೋಡಿದರು. ನಮ್ಮ ವಿಮಾನವೂ ಒಂದು ದಿನ ಬಾಗೇವಾಡಿಯ ಬಯಲಿನಲ್ಲಿ ಬಿದ್ದು ಮತ್ತೆ ಏಳಲಿಲ್ಲ. ಆ ಹೊತ್ತಿಗೆ ಕಾಂಬಳೆ ಸರ್ ಇರಲಿಲ್ಲ. ಪುಸ್ತಕ ಮಾತ್ರ ನನ್ನ ಹತ್ತಿರ ಇದೆ. ಆ ಇಬ್ಬರು ಹುಡುಗಿಯರು ಮುಂದಿನ ಸಲ ಬಂದಾಗ ಅದನ್ನೇ ಕೈಗೆ ಕೊಡುತ್ತೇನೆ. ಅದರಲ್ಲಿ ಕಾಂಬಳೆ ಸರ್ ಅವರ ಹನ್ನೊಂದು ಸಹಿಗಳಿವೆ. ಒಂದಕ್ಕಿಂತ ಒಂದು ಸೊಟ್ಟ, ಕೊನೆಯದು ಬರೀ ಒಂದು ಗೆರೆ. ಹೆಬ್ಬೆಟ್ಟು ಒಂದೂ ಇಲ್ಲ.